ಪಲ್ಪಿಂಗ್ ನೀರಿನಿಂದ ಗ್ಯಾಸ್ ತೆಗೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ) ಶುರುವಾದ ಮೇಲೆ ಬಯೋಗ್ಯಾಸ್ ತೊಟ್ಟಿಯಲ್ಲಿ ಗ್ಯಾಸ್ ಕಡಿಮೆಯಾಗಿದೆ ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ.

ಮೊದಲು ಹುಳಿ ನೋಡಿ. ಕಾಫಿ ಹಣ್ಣಿನ ನೀರಿನಲ್ಲಿ ಸಕ್ಕರೆ ಅಂಶ ಜಾಸ್ತಿ. ಬೇಗ ಹುಳಿತು ಪಿಎಚ್ (ಹುಳಿಯ ಅಳತೆ; ಇದು ಇಳಿದಷ್ಟೂ ಹುಳಿ ಜಾಸ್ತಿ) 4ರ ಹತ್ತಿರ ಇಳಿಯುತ್ತದೆ. ಮೀಥೇನ್ (ಉರಿಯುವ ಗ್ಯಾಸ್) ಮಾಡುವ ಸೂಕ್ಷ್ಮಜೀವಿಗಳಿಗೆ 7ರ ಆಸುಪಾಸು ಬೇಕು. 6.5ಕ್ಕಿಂತ ಕೆಳಗಾದರೆ ಅವು ಸೋಲುತ್ತವೆ, ಹುಳಿ ಮಾಡುವ ಜೀವಿಗಳು ಮಾತ್ರ ಕೆಲಸ ಮುಂದುವರಿಸುತ್ತವೆ. ತೊಟ್ಟಿ ಇನ್ನಷ್ಟು ಕೆಡುತ್ತದೆ. ಹಾಗಾಗಿ ಒಳಗೆ ಬಿಡುವ ಮೊದಲೇ ಸುಣ್ಣ ಕಲಸಿ, ಪಿಎಚ್ ಅಳೆಯುವ ಕಾಗದದ ಪಟ್ಟಿಯಲ್ಲಿ ನೋಡಿ. ಸುಮ್ನೆ ಅಂದಾಜಿಗೆ ಹಾಕಬೇಡಿ.

ವರ್ಷದ ಬಹುಪಾಲು ತೊಟ್ಟಿ ಖಾಲಿ ಹೊಟ್ಟೆಯಲ್ಲಿರುತ್ತದೆ ಅಲ್ವಾ? ಒಂದೇ ದಿನ ಪೂರ್ತಿ ನೀರು ಬಿಟ್ಟರೆ ತಡೆಯುವುದಿಲ್ಲ. ಕೆಲವು ವಾರ ಮೊದಲೇ ಸಗಣಿ ಬಗ್ಗಡ ಹಾಕಿ ಎಬ್ಬಿಸಿ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ನೀರು ಕೊಡಿ. ಸಗಣಿಯಿಂದ ಜೀವಿಗಳಿಗೆ ಬೇಕಾದ ಸಾರಜನಕವೂ ಸಿಗುತ್ತದೆ.

ಚಳಿಯೂ ಒಂದು ಕಾರಣ. ಈ ಜೀವಿಗಳಿಗೆ 35 ಡಿಗ್ರಿ ಹಿತ, 20ಕ್ಕಿಂತ ಕೆಳಗೆ ಬಹಳ ನಿಧಾನ. ತೊಟ್ಟಿ ಸುತ್ತ ಹುಲ್ಲು ಹೊದಿಸಿ. ಗಿಡಕ್ಕೆ ಹೊಡೆಯುವ ಔಷಧಿಯ ಡ್ರಮ್ ತೊಳೆದ ನೀರು ಖಂಡಿತ ಸೇರಬಾರದು.

ದಯವಿಟ್ಟು ಯಾರನ್ನೂ ತೊಟ್ಟಿಯೊಳಗೆ ಇಳಿಸಬೇಡಿ. ಅದರ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ.