ಪುಟ್ಟಿಯ ರೂಮಿನ ಗೋಡೆ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
ಜೂನ್ 8

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಫೋನಿನಲ್ಲಿ ಮನೆ ವಿಷಯ ಬಂದ ಕೂಡಲೇ ಅಮ್ಮ, ನೀನು ಅಳೋಕೆ ಶುರು ಮಾಡುತ್ತೀಯ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಜನವರಿಯ ಮಳೆಗೆ ಪುಟ್ಟಿಯ ರೂಮಿನಲ್ಲಿ ಮುಗ್ಗಲು ವಾಸನೆ ಬಂತು ಅಂದಿದ್ದೆನಲ್ಲ. ಕಾರ್ಪೆಟ್ಟಿನ ಮೂಲೆ ಎತ್ತಿದರೆ ಕೆಳಗಿನ ಹಲಗೆ ಕಪ್ಪಾಗಿತ್ತು. ಬೆರಳಲ್ಲಿ ಒತ್ತಿದರೆ ನೆನೆದ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು. ಗೋಡೆಗೆ ಮಾತ್ರ ಹೊಸ ಬಣ್ಣ. ಕೊಳ್ಳುವಾಗ ನಮಗೆ ಆ ಬಣ್ಣ ಎಷ್ಟು ಇಷ್ಟವಾಗಿತ್ತು!

ಇಲ್ಲಿ ಮನೆ ಮಾರುವವರು ಒಂದು ಫಾರಂ ತುಂಬಿ ಕೊಡಲೇಬೇಕು. ನೀರು ನಿಲ್ಲುತ್ತಾ, ಪರ್ಮಿಟ್ ಇಲ್ಲದೆ ಏನಾದರೂ ಕಟ್ಟಿದ್ದಾರಾ, ನೆರೆಯವರ ಜೊತೆ ತಕರಾರು ಇದೆಯಾ, ಎಲ್ಲ ಹೇಳಬೇಕು. ನಮ್ಮ ಫಾರಂನಲ್ಲಿ ನೀರಿನ ಪ್ರಶ್ನೆಗೆ ‘ಇಲ್ಲ’ ಅಂತ ಗುರುತು ಹಾಕಿ ಸಹಿ ಮಾಡಿದ್ದಾರೆ.

ಅಪ್ಪ, ‘ಇದ್ದ ಹಾಗೇ ತಗೋತೀವಿ ಅಂತ ಬರೆದುಕೊಟ್ಟಿದ್ದೀರಲ್ಲ’ ಅಂತ ಕೇಳಿದಿರಿ. ನನಗೂ ಅದೇ ಭಯವಿತ್ತು. ಗೊತ್ತಿದ್ದೂ ಮುಚ್ಚಿಟ್ಟವರನ್ನು ಆ ಮಾತು ಕಾಪಾಡುವುದಿಲ್ಲ ಅಂದರು ವಕೀಲರು. ಮಾರಿದವರಿಗೆ ಗೊತ್ತಿತ್ತು ಅಂತ ತೋರಿಸುವುದೇ ಕಷ್ಟ. ಪಕ್ಕದ ಮನೆ ಅಜ್ಜಿ, ಎರಡು ವರ್ಷದ ಹಿಂದೆ ಅವರು ಪಂಪ್ ಇಟ್ಟು ನೀರು ಹೊರಗೆ ಹಾಕಿದ್ದನ್ನು ನೋಡಿದ್ದಾರಂತೆ. ಬರೆದುಕೊಡುತ್ತೇನೆ ಅಂದಿದ್ದಾರೆ. ಅವರ ಕೈ ಹಿಡಿದು ಅತ್ತುಬಿಟ್ಟೆ. ರಿಪೇರಿಗೆ ಮುಂಚೆ ಹಲಗೆ, ಗೋಡೆ, ಎಲ್ಲದರ ಫೋಟೋ ತೆಗೆದಿಟ್ಟಿದ್ದೇನೆ.

ಮೋಸ ಗೊತ್ತಾದ ಮೇಲೆ ದಾವೆ ಹಾಕಲು ಮೂರು ವರ್ಷ ಸಮಯವಿದೆ. ಮನೆ ವಾಪಸ್ ಕೊಟ್ಟು ಹಣ ಕೇಳಬಹುದು, ಇಲ್ಲ ಮನೆ ಇಟ್ಟುಕೊಂಡು ನಷ್ಟ ಕೇಳಬಹುದು. ಪುಟ್ಟಿಯ ಸ್ಕೂಲು ಬಿಡಿಸಲು ಮನಸ್ಸಿಲ್ಲ, ನಷ್ಟವನ್ನೇ ಕೇಳುತ್ತಿದ್ದೇವೆ. 12,500 ಡಾಲರ್ ಒಳಗಿದ್ದರೆ ವಕೀಲರಿಲ್ಲದೆ ಸಣ್ಣ ಕೋರ್ಟಿನಲ್ಲೇ ಕೇಳಬಹುದಿತ್ತು. ನಮ್ಮದು ಅದಕ್ಕಿಂತ ಜಾಸ್ತಿ. ಕೋರ್ಟಿಗೆ ಮುಂಚೆ ಮಧ್ಯಸ್ಥರ ಮುಂದೆ ಕೂರಬೇಕು ಅಂತ ಕರಾರಿನಲ್ಲಿದೆ. ಕೂರದೆ ಹೋದರೆ, ಗೆದ್ದರೂ ನಮ್ಮ ವಕೀಲರ ಫೀಸು ಮಾರಿದವರಿಂದ ಸಿಗುವುದಿಲ್ಲ. ಇದೇ 20ಕ್ಕೆ ಕೂರುತ್ತೇವೆ.

ಅಕ್ಕ, ಭಾವ ಶಿವಮೊಗ್ಗದಲ್ಲಿ ಹಳೇ ಮನೆ ನೋಡುತ್ತಿದ್ದಾರಲ್ಲ, ನನಗೆ ಈಗ ಅದರದ್ದೇ ಯೋಚನೆ. ನಮ್ಮಲ್ಲೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಇದೆ. ಎಚ್ಚರದಿಂದ ನೋಡಿದರೂ ಕೊಳ್ಳುವವರ ಕಣ್ಣಿಗೆ ಬೀಳದ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಹೇಳಲೇಬೇಕು. ಮುಚ್ಚಿಟ್ಟರೆ ಅದು ವಂಚನೆ. ಆದರೆ ಇಲ್ಲಿನಂಥ ಫಾರಂ ಅಲ್ಲಿಲ್ಲ. ಆದ್ದರಿಂದ ಸೋರಿಕೆ, ಬಿರುಕು ಇಲ್ಲ ಅಂತ ಭಾವ ಕರಾರಿನಲ್ಲೇ ಬರೆಸಿಕೊಳ್ಳಲಿ. ಇಸಿ (ಋಣಭಾರ ಪತ್ರ), ಖಾತೆ ಸರಿ ಇದ್ದ ಮಾತ್ರಕ್ಕೆ ಸುಮ್ನೆ ಒಪ್ಪಿಕೊಳ್ಳೋದು ಬೇಡ.

ಆಷಾಢದಲ್ಲಿ ಹೇಗೂ ಅಡ್ವಾನ್ಸ್ ಕೊಡುವುದಿಲ್ಲ ಅಲ್ವಾ? ಅಷ್ಟರಲ್ಲಿ ಮಳೆ ಜೋರಾಗಿ ಹಿಡಿದ ದಿನ ಒಮ್ಮೆ ಹೋಗಿ ಬರಲಿ. ಎಲ್ಲಿ ಹೊಸ ಬಣ್ಣ ಕಾಣುತ್ತೋ ಅಲ್ಲಿ ಗೋಡೆ ಮುಟ್ಟಿ ನೋಡಲಿ.

ನಿಮ್ಮ ಮಗಳು