ಮಗಳಿಗೊಂದು ಪತ್ರ: ಉಯಿಲು ಬರೆಯುವ ವಯಸ್ಸು

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಹೋದ ವಾರ ಫೋನಿನಲ್ಲಿ ಉಯಿಲಿನ ಮಾತೆತ್ತಿದಾಗ, "ಈಗ ಯಾಕಪ್ಪಾ ಅಪಶಕುನದ ಮಾತು" ಎಂದು ನೀನು ಬೇರೆ ವಿಷಯ ತೆಗೆದೆ. ನಾನು ಹೇಳಹೊರಟಿದ್ದು ನಿನ್ನ ಉಯಿಲಿನ ಬಗ್ಗೆ. ನಿನಗೀಗ 32 ವರ್ಷ, ಮಗುವಿಗೆ 2. ಕಾನೂನಿನ ಪ್ರಕಾರ 18 ತುಂಬಿ, ಸ್ವಸ್ಥಚಿತ್ತರಾಗಿದ್ದರೆ ಯಾರೂ ಉಯಿಲು ಬರೆಯಬಹುದು; ನನ್ನ ಮಟ್ಟಿಗೆ, ನಮ್ಮನ್ನೇ ನಂಬಿದ ಜೀವವೊಂದು ಮನೆಗೆ ಬಂದ ಮೇಲೆ ತಡಮಾಡಬಾರದು.

ನಿನ್ನ ಅಜ್ಜ ತೀರಿಕೊಂಡಾಗ ಅವರ ಕಬ್ಬಿಣದ ಟ್ರಂಕಿನಲ್ಲಿ ಸಿಕ್ಕಿದ್ದು ಕಂದಾಯದ ರಸೀದಿಗಳ ಕಟ್ಟು, ಎರಡು ಪಾಸ್‌ಬುಕ್ಕು, ನಾಲ್ಕಾಗಿ ಮಡಚಿಟ್ಟ ಪಹಣಿ. ಯಾರಿಗೆ ಯಾವುದು ಎಂಬ ಒಂದು ಸಾಲೂ ಇರಲಿಲ್ಲ. ವಂಶವೃಕ್ಷ ಮಾಡಿಸಿ, ಒಡಹುಟ್ಟಿದ ಐವರೂ ಒಪ್ಪಿ, ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಾವಣೆ, ಆಗುವ ಹೊತ್ತಿಗೆ 9 ವರ್ಷ ಕಳೆದಿತ್ತು. ಅಷ್ಟು ದಿನವೂ ಪಹಣಿ ಅಜ್ಜನ ಹೆಸರಿನಲ್ಲೇ ಇದ್ದುದರಿಂದ ನಮಗೆ ಬೆಳೆಸಾಲ ಸಿಗಲಿಲ್ಲ. ದೊಡ್ಡಪ್ಪನೂ ನಾನೂ ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂರುವುದು ನಿಂತುಹೋದದ್ದೇ ನನಗೆ ಇಂದಿಗೂ ಹೆಚ್ಚಿನ ಸಂಕಟ.

ಎಲ್ಲದಕ್ಕೂ ನಾಮಿನಿ ಹಾಕಿದ್ದೇನೆ ಎಂದು ನೀನು ಹೇಳಬಹುದು. ಆದರೆ ಬ್ಯಾಂಕಿನ ಠೇವಣಿಯಲ್ಲಿ ನಾಮಿನಿ ಹಣವನ್ನು ಪಡೆದುಕೊಳ್ಳಬಲ್ಲವರೇ ಹೊರತು, ಅಷ್ಟರಿಂದಲೇ ಅದರ ಒಡೆಯರಾಗುವುದಿಲ್ಲ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟು 2023ರಲ್ಲಿ ಇದನ್ನೇ ಎತ್ತಿಹಿಡಿದಿದೆ.

ಬರೆಯಲು ಕೈ ಬಾರದಿದ್ದರೂ ಬರೆಯುತ್ತೇನೆ. ಮೈಸೂರಿನ ನಿಮ್ಮ ಮನೆ ಇರುವುದು ಅಳಿಯಂದಿರ ಹೆಸರಿನಲ್ಲಿ ಮಾತ್ರ. ಉಯಿಲಿಲ್ಲದೆ ಅವರಿಗೇನಾದರೂ ಆದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ತಾಯಿ, ನೀನು, ಮಗು ಮೂವರಿಗೂ ಸಮಪಾಲು. ಮಗುವಿನ ಪಾಲನ್ನು ಅದು ದೊಡ್ಡದಾಗುವ ಮೊದಲೇ ಮಾರಬೇಕಾಗಿ ಬಂದರೆ ನ್ಯಾಯಾಲಯದ ಅನುಮತಿ ಬೇಕು. ಆದ್ದರಿಂದ ಇಬ್ಬರೂ ಬರೆಯಿರಿ. ನಿನ್ನ ಅತ್ತೆಯವರಿಗೆ ಎಳ್ಳಷ್ಟೂ ಅನ್ಯಾಯವಾಗಬಾರದು. ಅವರು ಬದುಕಿರುವವರೆಗೂ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಉಯಿಲಿನಲ್ಲೇ ನಮೂದಿಸಬಹುದು.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಆಸ್ತಿಯನ್ನೂ ಸಾಲವನ್ನೂ ಬರೆದುಕೊ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದರೆ ಸಾಕು. ಇಬ್ಬರು ಸಾಕ್ಷಿಗಳ ಎದುರು ನೀನು ಸಹಿ ಮಾಡಿ, ಅವರೂ ನಿನ್ನೆದುರಿಗೇ ಸಹಿ ಮಾಡಲಿ. ಸಾಕ್ಷಿಗಳು ಆಸ್ತಿಯಲ್ಲಿ ಪಾಲು ಪಡೆಯದವರೂ ನಿನಗಿಂತ ಚಿಕ್ಕವರೂ ಆಗಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿಬಿಡು. ನೀವಿಬ್ಬರೂ ಇಲ್ಲದಾಗ ಮಗುವಿನ ಪಾಲಕರು ಯಾರು ಎಂಬುದನ್ನು ಮರೆಯದೆ ಬರೆ. ಮುಂದೆ ಮನಸ್ಸು ಬದಲಾದರೆ ಹೊಸದು ಬರೆಯಬಹುದು, ಕೊನೆಯದೇ ಊರ್ಜಿತ.

ನನ್ನ ಉಯಿಲು ದೇವರ ಕೋಣೆಯ ಗೋಡೆಬೀರುವಿನಲ್ಲಿ, ಹಸಿರು ಫೈಲಿನಲ್ಲಿದೆ. ಪಿತ್ರಾರ್ಜಿತ ಜಮೀನಿನಲ್ಲಿ ನನ್ನ ಪಾಲಿನ ಬಗ್ಗೆ ಮಾತ್ರ ಬರೆದಿದ್ದೇನೆ. ನಿನ್ನ ಪಾಲು ನಿನ್ನದೇ, ಅದು ನಾನು ಕೊಡುವಂಥದ್ದಲ್ಲ. ದೀಪಾವಳಿಗೆ ಬಂದಾಗ ನೀನೂ ತಮ್ಮನೂ ಒಟ್ಟಿಗೆ ಕುಳಿತು ಅದನ್ನು ಓದಿ, ಒಪ್ಪಿಗೆಯಾಗದ್ದು ಏನಿದ್ದರೂ ನಾನಿರುವಾಗಲೇ ನನ್ನ ಮುಂದೆ ಹೇಳಿ.

ಇತಿ,
ನಿನ್ನ ಅಪ್ಪ