ಅಜ್ಜಿಯ ಕೈಗೆ ಫೋನ್ ಕೊಡುವ ಮುನ್ನ

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದಗಳು. ಅಜ್ಜಿಗೆ ಸ್ಮಾರ್ಟ್‌ಫೋನ್ ಕೊಡಿಸುತ್ತಿರುವುದು ಬಹಳ ಸಂತೋಷ. ಆದರೆ ಡಬ್ಬ ಒಡೆದ ಕೂಡಲೇ ಅವರ ಕೈಗಿಡಬೇಡ. ಅಂಗಡಿಯಿಂದ ಬಂದ ಫೋನ್ ನಿನ್ನ ವಯಸ್ಸಿನವರ ಬೆರಳಿಗೂ ಕಣ್ಣಿಗೂ ಹೊಂದಿಸಿದ್ದು.

ವಯಸ್ಸಾದವರ ಬೆರಳು ಗಾಜಿನ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಫೋನ್ ಅದನ್ನು ಒತ್ತಿ ಹಿಡಿದಿದ್ದೆಂದು ತಿಳಿಯುತ್ತದೆ, ಐಕಾನ್ ಜಾಗ ಬಿಟ್ಟು ಕದಲುತ್ತದೆ. ‘ವಾಟ್ಸಾಪ್ ಕಾಣೆಯಾಯ್ತು’ ಎಂಬ ದೂರಿನ ಮೂಲ ಬಹಳ ಸಲ ಇದೇ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಟಚ್ ಅಂಡ್ ಹೋಲ್ಡ್ ಡಿಲೇ’ ಹುಡುಕಿ ‘ಲಾಂಗ್’ ಮಾಡು. ಐಕಾನ್ ಕದಲದಂತೆ ಹೋಮ್ ಸ್ಕ್ರೀನ್ ಲಾಕ್ ಮಾಡು. ಕೆಳಗಡೆ ಮೂರು ಗುಂಡಿ ಬರುವಂತೆ ಇಡು, ಬೆರಳು ಜಾರಿಸುವ ವಿಧಾನ ಬೇಡ. ಅಕ್ಷರ ದೊಡ್ಡದಾಗಲಿ, ಆದರೆ ಕೊನೆಯ ಅಳತೆಗೆ ಒಯ್ಯಬೇಡ. ಕೆಲವು ಬ್ಯಾಂಕ್ ಆ್ಯಪ್‌ಗಳಲ್ಲಿ ಗುಂಡಿಯೇ ಪರದೆಯ ಆಚೆ ಹೋಗಿಬಿಡುತ್ತದೆ. ಒಣಗಿದ ಬೆರಳನ್ನು ಗಾಜು ಸರಿಯಾಗಿ ಗುರುತಿಸದು, ಮೇಲೆ ದಪ್ಪ ಗಾರ್ಡ್ ಹಾಕಿಸಿದರೆ ಇನ್ನೂ ಕಷ್ಟ.

ಜಪಾನಿನವರು ಇದನ್ನು ಬೇಗ ಅರಿತರು. ಅಲ್ಲಿನ ಮೊಬೈಲ್ ಕಂಪನಿ ಎನ್‌ಟಿಟಿ ಡೊಕೊಮೊ 1999ರಲ್ಲೇ ‘ರಾಕುರಾಕು’ ಫೋನ್ ತಂದಿತು. ರಾಕು ಅಂದರೆ ಸಲೀಸು. 2012ರಲ್ಲಿ ಬಂದ ಅದರ ಸ್ಮಾರ್ಟ್‌ಫೋನ್‌ನಲ್ಲಿ ಬೆರಳು ಸುಮ್ಮನೆ ತಾಗಿದರೆ ಕೆಲಸ ನಡೆಯದು, ಒತ್ತಬೇಕು.

ಇನ್ನು ಪಿಂಚಣಿ ನಿಲ್ಲದಿರಲು ನವೆಂಬರ್‌ನಲ್ಲಿ ಕೊಡಬೇಕಾದ ಜೀವನ ಪ್ರಮಾಣಪತ್ರ. ದುಡಿದು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗುವುದಿಲ್ಲ, ಹಾಗಾಗಿ ಮುಖ ತೋರಿಸುವ ದಾರಿಯೇ ಮೇಲು. 2021ರಿಂದ ಅದು ಇದೆ. ‘ಆಧಾರ್ ಫೇಸ್ ಆರ್‌ಡಿ’ ಮತ್ತು ‘ಜೀವನ್ ಪ್ರಮಾಣ್’ ಎರಡೂ ಆ್ಯಪ್ ಬೇಕು. ಮೊದಲನೆಯದರ ಐಕಾನ್ ಕಾಣಿಸದು, ಗಾಬರಿಯಾಗಿ ಮತ್ತೆ ಮತ್ತೆ ಹಾಕಬೇಡ. ಮೊದಲು ಆಪರೇಟರ್, ಅಂದರೆ ಆ್ಯಪ್ ನಡೆಸಿಕೊಡುವವಳಾಗಿ ನಿನ್ನ ಆಧಾರ್, ನಿನ್ನ ಮುಖ, ಆಮೇಲೆ ಅಜ್ಜಿಯದು. ಕಿಟಕಿಯ ಬೆಳಕು ಮುಖಕ್ಕೆ ಬೀಳಬೇಕು, ಬೆನ್ನಿಗಲ್ಲ. ಕನ್ನಡಕ ತೆಗೆಸು, ಕಣ್ಣು ಮಿಟುಕಿಸಲು ಹೇಳು. ಪ್ರಮಾಣಪತ್ರದ ಸಂಖ್ಯೆಯಾದ ಪ್ರಮಾಣ್ ಐಡಿ ಎಸ್ಸೆಮ್ಮೆಸ್‌ನಲ್ಲಿ ಬಂದರೆ ಕಾಗದದಲ್ಲಿ ಬರೆದಿಡು.

ಅಜ್ಜಿ ‘ನಂಗೆ ಬ್ಯಾಂಕಿಗೇ ಹೋಗಬೇಕು’ ಅಂದರೆ ಹಟ ಮಾಡಬೇಡ, ಕರೆದುಕೊಂಡು ಹೋಗು. ಸ್ಪೇನಿನಲ್ಲಿ ಕಾರ್ಲೋಸ್ ಸಾನ್ ಹುವಾನ್ ಎಂಬ 78ರ ನಿವೃತ್ತ ವೈದ್ಯರು ‘ನಾನು ಮುದುಕ, ಮೂಢನಲ್ಲ’ ಎಂದು, ಬ್ಯಾಂಕುಗಳು ಹಿರಿಯರನ್ನು ಕೌಂಟರಿನಲ್ಲೇ ವಿಚಾರಿಸಲಿ ಎಂದು ಕೋರಿ 2022ರಲ್ಲಿ 6 ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. ಬ್ಯಾಂಕುಗಳು ಕೌಂಟರಿನ ಹೊತ್ತು ಹೆಚ್ಚಿಸಲು ಒಪ್ಪಿದವು. ಚೀನಾ ಸರ್ಕಾರವೂ 2020ರ ನವೆಂಬರ್‌ನಲ್ಲಿ ಹಿರಿಯರಿಗಾಗಿ ನಗದು, ಕೌಂಟರು ಎರಡನ್ನೂ ಉಳಿಸಬೇಕೆಂದು ಸೂಚಿಸಿತು. ಕೌಂಟರ್ ಕೇಳುವುದು ಹಿಂದುಳಿದ ಲಕ್ಷಣವಲ್ಲ ಮಗಳೇ, ಅದು ಅವರ ಹಕ್ಕು.

ಕಲಿಸುವಾಗ ಫೋನ್ ಅವರ ಕೈಯಲ್ಲೇ ಇರಲಿ. ನೀನು ಕಿತ್ತುಕೊಂಡು ಪಟಪಟ ಒತ್ತಿದರೆ ಅವರ ಬೆರಳಿಗೆ ಏನೂ ನೆನಪಿರದು. ದಿನಕ್ಕೊಂದೇ ಕೆಲಸ ಸಾಕು; ಮೊದಲು ವಿಡಿಯೋ ಕಾಲ್, ಆಮೇಲೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ ಸಂದೇಶ ಕಳಿಸುವುದು.

ವಿಡಿಯೋ ಕಾಲ್‌ನಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ ಎಂದು ಬಾಯಿಪಾಠ ಮಾಡಿಸು. ಮೋಸದಿಂದ ಹಣ ಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ನಂಬರನ್ನು ದಪ್ಪಕ್ಷರದಲ್ಲಿ ಬರೆದು ದೇವರ ಮನೆಯ ಬಾಗಿಲಿಗೆ ಅಂಟಿಸು. ಜೀವನ ಪ್ರಮಾಣಪತ್ರಕ್ಕೆ ಬೇಕಾಗುವ ಅಜ್ಜಿಯ ಪಿಪಿಓ (ಪಿಂಚಣಿ ಆದೇಶದ) ನಂಬರ್ ನನ್ನ ಡೈರಿಯಲ್ಲಿದೆ, ಬೇಕಾದಾಗ ಕೇಳು.

ಇಂತಿ,
ನಿನ್ನ ದೊಡ್ಡಪ್ಪ